ಹದಿನಾಲ್ಕನೇ ನಂಬರಿನ ಮೊಹರು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ಹೇಳುವ ನಾಲಿಗೆಯ ಮೇಲೆ ಕಾದ ಬೆಸುಗೆ ಬೀಳಲಿ. ಎರಡು ಸಾವಿರದ ಆರನೇ ಇಸವಿಯ ಅಕ್ಟೋಬರಿನಲ್ಲಿ ಕಮಲಾಕ್ಷಿಯ ಮೈ ಎಷ್ಟು ಕಾಯುತ್ತಿತ್ತೆಂದರೆ, ಕುಷಾಯಿಗೂಡದಿಂದ ಹೊರಡುವ ಕಾರ್ಖಾನೆಯ ಬಸ್ಸಿನಲ್ಲಿ ಅವಳ ಪಕ್ಕದ ಸೀಟಿಗೆ ಹೆಂಗಸರು ಪಾಳಿ ಹಚ್ಚುತ್ತಿದ್ದರು. ಅಲ್ಲಿಟ್ಟ ಊಟದ ಡಬ್ಬಿ ಮಧ್ಯಾಹ್ನದ ತನಕ ಆರುತ್ತಿರಲಿಲ್ಲ. ಒಬ್ಬಾಕೆ ಹಸಿ ಹಪ್ಪಳವನ್ನೂ ತಂದು ನೋಡಿದಳು. ಸುಟ್ಟಿತು. ಒಂದು ಬದಿ ಮಾತ್ರ, ಇಲ್ಲದ್ದನ್ನು ಹೇಳಬಾರದು.

ಕಮಲಾಕ್ಷಿಗೆ ಆಗ ಐವತ್ತೊಂದು. ಸರ್ಕಾರಿ ಇಲೆಕ್ಟ್ರಾನಿಕ್ಸ್ ಕಾರ್ಖಾನೆಯೊಂದರಲ್ಲಿ ಬೆಸುಗೆ ತಪಾಸಣೆಯ ಕೆಲಸ. ತಂತಿ ಬೆಸೆದ ಜಾಗವನ್ನು ಭೂತಗನ್ನಡಿಯಡಿ ನೋಡುವುದು, ಸರಿಯಿದ್ದರೆ ಹದಿನಾಲ್ಕನೇ ನಂಬರಿನ ಪುಟ್ಟ ಮೊಹರು ಒತ್ತುವುದು. ಇಪ್ಪತ್ತೇಳು ವರ್ಷದಲ್ಲಿ ಆ ಮೊಹರು ಬಿದ್ದ ಮಾಲು ಒಂದೂ ವಾಪಸು ಬಂದಿರಲಿಲ್ಲ. ಹೊಸಬರು ತಮ್ಮ ತಮ್ಮಲ್ಲಿ, "ಹದಿನಾಲ್ಕು ಒತ್ತಿದ್ದಾ? ಹಂಗಾದ್ರ ನಿಶ್ಚಿಂತಿ ಮಲಕೋ," ಎನ್ನುತ್ತಿದ್ದರು.

ಸೆಕೆ ತಾಳದೆ, ಏಸಿ ಕೆಟ್ಟಿದೆ ಎಂದು ಅವಳು ದೂರು ಬರೆದಳು. ಏಸಿ ನೋಡಿಕೊಳ್ಳುವ ಮಲ್ಲಣ್ಣ ಥರ್ಮಾಮೀಟರು ಹಿಡಿದು ಬಂದ. ಕೋಣೆಯಲ್ಲಿ ಇಪ್ಪತ್ತೆರಡು. ಅವಳ ಮೇಜಿನ ಹತ್ತಿರ ಮೂವತ್ತೊಂದು. ಮಲ್ಲಣ್ಣ ಮೂರು ಸಲ ನೋಡಿ, ರಿಜಿಸ್ಟರಿನಲ್ಲಿ 'ಕಾರಣ: ಮೇಡಂ' ಎಂದು ಬರೆದು ಸಹಿ ಹಾಕಿ ಹೋದ.

ಇದಕ್ಕೆಲ್ಲ ಕಮಲಾಕ್ಷಿ ನಗುತ್ತಿದ್ದಳು. ನಗು ನಿಂತದ್ದು ಒಂದು ಸರ್ಕ್ಯೂಟ್ ಬೋರ್ಡು ವಾಪಸು ಬಂದ ದಿನ. ಬೆಸುಗೆಗೆ ಹೊರಗೆ ಹೊಳಪು, ಒಳಗೆ ತವರ ಹಿಡಿದಿಲ್ಲ. ಪಕ್ಕದಲ್ಲೇ ಹದಿನಾಲ್ಕು.

ಮ್ಯಾನೇಜರ್ ಗುರುಸಿದ್ದಪ್ಪ ಬೋರ್ಡನ್ನು ಅವಳ ಮುಂದೆ ಇಟ್ಟರು, ಮುಖ ನೋಡಲಿಲ್ಲ.

"ನಿದ್ದಿ ಮಾಡಾಕತ್ತೀರೋ ಇಲ್ಲೋ?"

"ಮೂರು ತಿಂಗಳಾತ್ರೀ ಸರ್. ದಿನಕ್ಕ ಹದಿನೈದು ಸಲ ಮೈ ಉರೀತೈತಿ. ಕನ್ನಡಕದ ಮ್ಯಾಲೆ ಬೆವರು ಇಳೀತೈತಿ."

"ಜನವರಿಯಾಗ ಎಲ್ಲಾ ತಪಾಸಕರ ಪರೀಕ್ಷಾ ಐತಿ. ಪಾಸಾದ್ರ ಮೊಹರು ನಿಮ್ಮದು. ಇಲ್ಲಂದ್ರ ಸ್ಟೋರ್ಸಿಗೆ ಹೋಗಿ ಸ್ಕ್ರೂ ಎಣಿಸೋದು. ನನ್ನ ಕೈಯಾಗ ಏನೂ ಇಲ್ಲರಿ."

ಶನಿವಾರ ಅವಳು ಹಿಮಾಯತ್‌ನಗರದ ಡಾಕ್ಟರ್ ಮಂದಾಕಿನಿಯ ಹತ್ತಿರ ಹೋದಳು. ಅವರು ಗುಲಬರ್ಗಾದವರು. ಹೊರಗೆ ತೆಲುಗು, ಹಿಂದಿ. ಬಾಗಿಲು ಹಾಕಿದರೆ ಕನ್ನಡ.

"ಮುಟ್ಟು ನಿಲ್ಲೋ ಕಾಲಕ್ಕ ಮೈಯಾಗಿನ ಹಾರ್ಮೋನ್ ಕಮ್ಮಿ ಆಗತೈತಿ. ಹೊರಗಿಂದ ಕೊಟ್ರ ಸೆಕಿ ಇಳೀತೈತಿ, ನಿದ್ದಿ ಬರತೈತಿ, ಎಲುಬಿಗೂ ಛಲೋ. ಖರೆ, ಅಪಾಯನೂ ಅದಾವು. ಎದಿ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟೋದು, ಪಾರ್ಶ್ವವಾಯು, ಇವು ಸ್ವಲ್ಪ ಹೆಚ್ಚು."

"ಸ್ವಲ್ಪ ಅಂದ್ರ ಎಷ್ಟ್ರಿ? ಸಾವಿರಕ್ಕ ಎಷ್ಟು?"

ಡಾಕ್ಟರು ಪೆನ್ನು ಕೆಳಗಿಟ್ಟರು. ಇಪ್ಪತ್ತು ವರ್ಷದಲ್ಲಿ ಯಾರೂ ಹೀಗೆ ಕೇಳಿರಲಿಲ್ಲ.

"ಅಮೆರಿಕಾದಾಗ ದೊಡ್ಡ ಅಧ್ಯಯನ ಮಾಡ್ಯಾರ. ಈಸ್ಟ್ರೋಜೆನ್, ಪ್ರೊಜೆಸ್ಟಿನ್ ಎರಡೂ ಹಾರ್ಮೋನ್ ಕೂಡಿಸಿ ತೊಗೊಂಡ ಹತ್ತು ಸಾವಿರ ಹೆಂಗಸರೊಳಗ ವರ್ಷಕ್ಕ ಎಂಟು ಮಂದಿಗೆ ಹೆಚ್ಚಿಗಿ ಎದಿ ಕ್ಯಾನ್ಸರ್. ಅವರೊಳಗ ಭಾಳ ಮಂದಿ ನಿಮಗಿಂತ ವಯಸ್ಸಾದವರು."

"ಹತ್ತು ಸಾವಿರಕ್ಕ ಎಂಟು ಕೆಟ್ಟ ಮಾಲು ಕಳಸೋರಿಗೆ ನಾವು ಹಾರ ಹಾಕತೀವ್ರಿ," ಎಂದಳು ಕಮಲಾಕ್ಷಿ. ಆಮೇಲೆ ದನಿ ಇಳಿಯಿತು. "ಆದ್ರ ಆ ಎಂಟರಾಗ ನಾ ಇದ್ರ?"

"ಆವಾಗ ನಿಮಗ ನೂರಕ್ಕ ನೂರು. ಅದಕ್ಕ ನಾ ಒಬ್ಬಾಕೀನ ನಿರ್ಧಾರ ಮಾಡಂಗಿಲ್ಲ, ಇಬ್ಬರೂ ಕೂತು ಮಾಡೋದು. ನಿಮ್ಮ ಮನಿಯೊಳಗ ಯಾರಿಗರ ಎದಿ ಕ್ಯಾನ್ಸರ್ ಆಗಿತ್ತೇನು?"

"ಯಾರಿಗಿಲ್ರಿ."

ಇದು ಸುಳ್ಳು. ಆದರೆ ಅವಳದು, ಕಥೆಯದ್ದಲ್ಲ. ತಾಯಿಯ ತಂಗಿ ಸುಂದರಾಬಾಯಿ ಮೌಶಿಗೆ ಎಪ್ಪತ್ತನೇ ವಯಸ್ಸಿನಲ್ಲಿ ಅದೇ ಆಗಿತ್ತು. ಹೇಳಿದರೆ ಡಾಕ್ಟರು ಔಷಧ ಕೊಡಲಿಕ್ಕಿಲ್ಲ, ಔಷಧವಿಲ್ಲದಿದ್ದರೆ ಮೊಹರು ಹೋಯಿತು. ಅಷ್ಟೇ ಲೆಕ್ಕ ಅವಳ ತಲೆಯಲ್ಲಿತ್ತು.

ಗುಳಿಗೆಯ ಚೀಟಿ ಬರೆಸಿಕೊಂಡು ಬಂದರೂ ಔಷಧ ಕೊಳ್ಳಲು ಕೈ ಬರಲಿಲ್ಲ. ಸೋಮವಾರ ಕಾರ್ಖಾನೆಯಲ್ಲಿ ಒಂದು ಡೀವಿಯೇಶನ್ ಫಾರ್ಮು ತೆಗೆದಳು. ಅಳತೆಗೆ ಪೂರ್ತಿ ಕೂಡದ ಮಾಲು ಅನಿವಾರ್ಯವಾಗಿ ಬೇಕಾದಾಗ, ಇಂತಿಂಥ ಷರತ್ತಿನ ಮೇಲೆ, ಇಷ್ಟು ಅವಧಿಗೆ ಒಪ್ಪಿದ್ದೇವೆ ಎಂದು ಬರೆಯುವ ಫಾರ್ಮದು. 'ಮಾಲಿನ ಹೆಸರು' ಎಂಬಲ್ಲಿ ಕಮಲಾಕ್ಷಿ ಎಂದು ಬರೆದಳು. ತಯಾರಾದ ವರ್ಷ ೧೯೫೫. ದೋಷ, ಲಾಭ, ಅಪಾಯ, ಎಲ್ಲ ತುಂಬಿದಳು. ಅವಧಿ ಒಂದು ವರ್ಷ. ಕೊನೆಗೆ ತಪಾಸಕರ ಮೊಹರಿನ ಚೌಕ ಖಾಲಿ ಉಳಿಯಿತು.

ಕೈ ಹದಿನಾಲ್ಕರ ಕಡೆ ಹೋಗಿ ನಿಂತಿತು. ತಾನು ಮಾಡಿದ ಮಾಲಿಗೆ ತಾನೇ ಮೊಹರು ಒತ್ತುವಂತಿಲ್ಲ. ಆ ಕಾರ್ಖಾನೆಯಲ್ಲಿ ಡೈರೆಕ್ಟರ ಮಗ ಬಂದರೂ ಈ ನಿಯಮ ಬದಲಾಗುತ್ತಿರಲಿಲ್ಲ.

ಅವಳು ನೆಟ್ಟಗೆ ಉಷಾಳ ಮೇಜಿಗೆ ಹೋದಳು. ಉಷಾ ಮಂಡ್ಯ ಕಡೆಯವಳು, ಇಪ್ಪತ್ತೆರಡನೇ ನಂಬರಿನ ಮೊಹರು ಅವಳದು. ಕಮಲಾಕ್ಷಿ ಸ್ಟೋರ್ಸಿಗೆ ಹೋದರೆ ಹಿರಿಯ ತಪಾಸಕಿಯ ಕುರ್ಚಿ ಅವಳಿಗೇ. ಆದರೆ ಉಷಾಳಷ್ಟು ನಿಷ್ಠುರವಾಗಿ ಮಾಲು ನೋಡುವವರು ಬೇರೆ ಇರಲಿಲ್ಲ.

ಉಷಾ ಫಾರ್ಮನ್ನು ಎರಡು ಸಲ ಓದಿದಳು. ಕೆಂಪು ಪೆನ್ನು ತೆಗೆದಳು.

"ರಿಜೆಕ್ಟು."

"ಯಾಕವಾ?"

"ಮಾಲಿನ ಹಿಂದಿನ ಚರಿತ್ರೆ ಪೂರ್ತಿ ಬರೆದಿಲ್ಲ. ನಿಮ್ಮ ಚಿಕ್ಕಮ್ಮಂಗೆ ಎದೆ ಆಪರೇಷನ್ ಆದಾಗ ಹನ್ನೊಂದು ದಿನ ನಿಮ್ಮ ಶಿಫ್ಟು ಮಾಡಿದ್ದು ಯಾರು? ನಾನೇ ಅಲ್ವಾ? ಡಾಕ್ಟರಿಗೆ ಹೇಳಿದ್ರಾ?"

ಕಮಲಾಕ್ಷಿಯ ಮೈ ಕಾಯಿತು. ಈ ಸಲದ್ದು ಬೇರೆ ಕಾವು.

"ಅಕ್ಕಾ, ಇದನ್ನ ಬೇರೆ ಯಾರಾದ್ರೂ ಮುಚ್ಚಿಟ್ಟು ತಂದಿದ್ರೆ ನೀವು ಏನ್ ಮಾಡ್ತಿದ್ರಿ?"

"ಮಾರಿ ಮ್ಯಾಲೆ ಒಗೀತಿದ್ದೆ."

"ನೀವು ದೊಡ್ಡೋರು, ಕೈಗೇ ಕೊಡ್ತೀನಿ. ತಗೊಳ್ಳಿ."

ಮುಂದಿನ ಶನಿವಾರ ಡಾಕ್ಟರು ಎಲ್ಲ ಕೇಳಿ ಹಳೆಯ ಚೀಟಿಯನ್ನು ವಾಪಸು ತೆಗೆದುಕೊಂಡರು. "ಇದನ್ನ ಮೊದಲ ಹೇಳಬೇಕಿತ್ತು ಕಮಲಾಕ್ಷಿಯವರ. ತಾಯಿಗೋ ಅಕ್ಕ-ತಂಗಿಗೋ ಆಗಿದ್ರ ಮಾತೇ ಬ್ಯಾರೆ. ಮೌಶಿ ಒಬ್ಬಾಕಿಗೆ, ಅದೂ ಎಪ್ಪತ್ತಕ್ಕ ಅಂದ್ರ, ಬಾಗಲ ಮುಚ್ಚಂಗಿಲ್ಲ. ಆದ್ರ ಮೊದಲ ಮ್ಯಾಮೋಗ್ರಾಂ, ಬಿಪಿ. ಅವು ಸರಿ ಬಂದ ಮ್ಯಾಲೆ ಗುಳಿಗಿ ಬದ್ಲಿ ಮೈಗೆ ಹಚ್ಚೋ ಜೆಲ್ ಕೊಡತೀನಿ, ಹೆಪ್ಪುಗಟ್ಟೋ ಅಂಜಿಕಿ ಕಮ್ಮಿ. ಗರ್ಭಕೋಶ ಐತಿ ಅಂದ್ರ ಅದರ ಕಾವಲಿಗೆ ಎರಡನೇ ಹಾರ್ಮೋನಿನ ಗುಳಿಗಿ ಬಿಡಂಗಿಲ್ಲ. ಒಂದು ವರ್ಷ. ಆಮ್ಯಾಲೆ ಮತ್ತ ಕೂತು ನೋಡೋಣು. ರಕ್ತ ಕಂಡ್ರ, ಕಾಲು ಬಾತ್ರ, ಆವತ್ತ ಬರಬೇಕು."

"ಬ್ಯಾಡ ಅಂದ್ರ?"

"ಬ್ಯಾಡ ಅಂದ್ರೂ ತಪ್ಪಿಲ್ಲ. ಹಾರ್ಮೋನ್ ಇಲ್ಲದ ಗುಳಿಗಿ ಅದಾವು, ಇಷ್ಟು ಗುಣ ಸಿಗಲಿಕ್ಕಿಲ್ಲ. ಕಾಲ ಕಳದಂಗ ತಾನೂ ಇಳೀತೈತಿ. ಜನವರಿಯೊಳಗ ಇಳೀತೈತಿ ಅಂತ ನಾ ಹೇಳಾಕ ಬರಂಗಿಲ್ಲ."

ಮ್ಯಾಮೋಗ್ರಾಂ ಸ್ವಚ್ಛ ಬಂತು. ಕಮಲಾಕ್ಷಿ ಹೊಸ ಫಾರ್ಮು ತುಂಬಿದಳು. ಮೌಶಿಯ ಹೆಸರನ್ನು ಎಲ್ಲಕ್ಕಿಂತ ಮೇಲೆ ಬರೆದಳು. ಅಪಾಯದ ಸಾಲು ಲಾಭದ ಸಾಲಿಗಿಂತ ಉದ್ದವಾಯಿತು. ಅದನ್ನು ಗಿಡ್ಡ ಮಾಡಲಿಲ್ಲ. ಉಷಾ ಓದಿ ಇಪ್ಪತ್ತೆರಡು ಒತ್ತಿದಳು. ಫಾರ್ಮು ಗುರುಸಿದ್ದಪ್ಪನವರ ಮೇಜಿಗೂ ಹೋಯಿತು. ಅವರು ಮಾಲಿನ ಹೆಸರು ಓದಿ ಕೆಮ್ಮಿ, 'ವರ್ಷದ ನಂತರ ಮರುತಪಾಸಣೆ ಕಡ್ಡಾಯ' ಎಂದು ಬರೆದು ಸಹಿ ಹಾಕಿದರು.

ಡಿಸೆಂಬರು ಮುಗಿಯುವುದರೊಳಗೆ ದಿನಕ್ಕೆ ಹದಿನೈದಿದ್ದದ್ದು ಎರಡಕ್ಕೆ ಇಳಿಯಿತು. ಬಸ್ಸಿನ ಹೆಂಗಸರು ಡಬ್ಬಿ ತಣ್ಣಗಾಗುತ್ತದೆಂದು ಯೂನಿಯನ್ನಿಗೆ ಅರ್ಜಿ ಕೊಟ್ಟರು. ಅದು ಇನ್ನೂ ಫೈಲಿನಲ್ಲಿದೆ.

ಜನವರಿಯ ಪರೀಕ್ಷೆಯಲ್ಲಿ ಬೋರ್ಡಿನಲ್ಲಿ ಬೇಕೆಂದೇ ಐದು ತಪ್ಪು ಇಟ್ಟಿದ್ದರು. ಕಮಲಾಕ್ಷಿ ಆರು ಬರೆದಳು. ಇರುವುದು ಐದೇ ಎಂದರು ಪರೀಕ್ಷಕರು. ಅವಳು ಭೂತಗನ್ನಡಿಯನ್ನು ಅವರ ಕಡೆ ತಿರುಗಿಸಿದಳು. ಅವರು ಬಹಳ ಹೊತ್ತು ಬಗ್ಗಿ ನೋಡಿದರು. ಎದ್ದಾಗ ಅವರ ಕನ್ನಡಕದ ಮೇಲೆ ಬೆವರಿತ್ತು. ಹದಿನಾಲ್ಕು ಅವಳ ಮೇಜಿನಲ್ಲೇ ಉಳಿಯಿತು.

ಆ ವಾರವೇ ನಾಂಪಲ್ಲಿಯ ಎಕ್ಸಿಬಿಷನ್ನಿನಲ್ಲಿ ಅಣ್ಣನ ಹೆಂಡತಿ ಅಂಬುಬಾಯಿ ಸಿಕ್ಕಳು. "ನಮ್ಮವ್ವ ಈ ಕಾಲ ಮಜ್ಜಿಗಿ ಕುಡಿದು ದಾಟಿದ್ಲು, ನಿನಗ ಔಷಧ ಯಾಕ ಬೇಕಿತ್ತು?" ಎಂದು ಹೋದ ಹಬ್ಬದಲ್ಲಿ ಹೀಯಾಳಿಸಿದವಳು. ಕಮಲಾಕ್ಷಿ ಅವಳನ್ನು ಶಾಲಿನ ಅಂಗಡಿಯ ಮುಂದೆ ನಿಲ್ಲಿಸಿಕೊಂಡಳು. ಚಳಿಗೆ ಜನವೆಲ್ಲ ಕಿವಿ ಮುಚ್ಚಿಕೊಂಡು ಓಡಾಡುತ್ತಿತ್ತು.

"ಎಲ್ಲಾರಿಗೂ ಬೇಕಂತ ನಾ ಅನ್ನಂಗಿಲ್ರಿ ವೈನಿ. ನನ್ನ ಫಾರ್ಮು ನಂದು. ಆದ್ರ ಆ ಆರನೇದು, ಕೇಳ್ರಿ ಇಲ್ಲೆ, ಹೊರಗಿಂದ ಕನ್ನಡಿ ಹಂಗ ಹೊಳೀತಿತ್ತು. ಪರೀಕ್ಷಾ ತೊಗೊಳ್ಳೋರಿಗೇ ಗೊತ್ತಿಲ್ಲ! ನಾ ಸ್ವಲ್ಪ ಓರೆ ಹಿಡದೆ, ಬುಡದಾಗ ಒಂದು ಕೂದಲೆಳಿಯಷ್ಟು..."

ಅಂಬುಬಾಯಿ ಆಗಲೇ, ಆ ಚಳಿಯಲ್ಲೂ ತನ್ನ ಮೈಗೂ ಅದೇ ಉರಿ ಹತ್ತಿ, ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ, ಕೆಂಪಗಾದ ಮುಖ ಹೊತ್ತು, ಐಸ್‌ಕ್ರೀಮಿನ ಅಂಗಡಿಯ ಕಡೆ ಹೊರಟುಹೋಗಿದ್ದಳು.