ಕತ್ತರಿ ಅಕ್ಕ ಒಪ್ಪದ ಸಾರಿ

ಆ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದ ಹೆಂಗಸನ್ನು ಎಲ್ಲರೂ ಕತ್ತರಿ ಅಕ್ಕ ಎಂದು ಕರೆಯುತ್ತಿದ್ದರು. ಆ ಹೆಸರು ಬಂದದ್ದು ಕೆಲಸದಿಂದಲೋ ಬಾಯಿಯಿಂದಲೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ ಎಂದು, ಪಕ್ಕದ ಮಿಷನ್ನಿನಲ್ಲಿ ಕೂತು ಹೊಲಿಯುವ ಅವಳ ನಾದಿನಿ ಹೇಳುತ್ತಿದ್ದಳು.

ಅಂಗಡಿಯಲ್ಲಿ ಬಳಕೆಯಲ್ಲಿದ್ದ ಕತ್ತರಿ ಎರಡು. ಒಂದು ಕಾಗದದ್ದು, ಗೋಡೆಯ ಮೊಳೆಗೆ ನೇತುಹಾಕಿದ್ದು, ಯಾರು ಬೇಕಾದರೂ ಮುಟ್ಟಬಹುದು. ಇನ್ನೊಂದು ಅಕ್ಕನದು. ಗೇಣಿಗಿಂತ ಉದ್ದ, ಹಿಡಿ ಅವಳ ಹೆಬ್ಬೆರಳಿನ ಆಕಾರಕ್ಕೇ ಸವೆದಿತ್ತು. ಬಟ್ಟೆಯ ಕತ್ತರಿಗೆ ಕಾಗದ ತೋರಿಸಲೂಬಾರದು. ನಾಲ್ಕು ರಟ್ಟು ಕಡಿದರೆ ಸಾಕು, ಅಲಗು ಮೊಂಡಾಗಿ, ಬಟ್ಟೆಯನ್ನು ಕತ್ತರಿಸುವ ಬದಲು ಅಗಿಯತೊಡಗುತ್ತದೆ. ಹೊಸದಾಗಿ ಕೆಲಸಕ್ಕೆ ಬಂದವರಿಗೆ, ಕುಡಿಯುವ ನೀರು ಎಲ್ಲಿದೆ ಎಂದು ಹೇಳುವುದಕ್ಕೂ ಮುಂಚೆ ಹೇಳುತ್ತಿದ್ದ ಮಾತು ಅದು.

ಗುರುವಾರ ಬೆಳಿಗ್ಗೆ ಅಕ್ಕ ಕೋಟಿನ ಒಳಪದರದ ಅಸ್ತರಿಗೆಂದು ತೆಳು ಬಟ್ಟೆ ಹಾಸಿ ಕತ್ತರಿ ಆಡಿಸಿದಳು. ಬಟ್ಟೆ ಅಲಗುಗಳ ನಡುವೆ ಮಡಚಿಕೊಂಡು ಸಿಕ್ಕಿಬಿತ್ತು. ಕತ್ತರಿಯನ್ನು ಬೆಳಕಿಗೆ ಹಿಡಿದು ನೋಡಿದಳು, ಆಮೇಲೆ ಮೂಸಿದಳು. ನಂತರ ಇಸ್ತ್ರಿ ಮೇಜಿನ ಕೆಳಗೆ ಬಗ್ಗಿದಳು. ಅಂಗಿ ಮಡಿಸುವಾಗ ಒಳಗಿಡುವ ರಟ್ಟಿನ ಚೂರುಗಳು ಅಲ್ಲಿದ್ದವು. ಅವುಗಳ ಅಂಚು ಬೆಣ್ಣೆ ಕೊಯ್ದಷ್ಟು ನಯವಾಗಿತ್ತು. ಗೋಡೆಯ ಕತ್ತರಿಗೆ ಜನ್ಮದಲ್ಲಿ ಅಂಥ ಅಂಚು ಬರುವುದಿಲ್ಲ.

ಇಸ್ತ್ರಿಯವನು ಬೇರೆ ಭಾಷೆಯವನು, ಎರಡು ಮಕ್ಕಳ ತಂದೆ. ಬಂದು ಎರಡು ವರ್ಷವಾಗಿತ್ತು. ಇಲ್ಲಿಯ ಮಾತನ್ನು ಅಂಗಡಿಯಲ್ಲೇ ಅಷ್ಟಷ್ಟು ಹೆಕ್ಕಿಕೊಂಡಿದ್ದ. ಬರುವಾಗ ಕಟ್ಟಿಕೊಂಡು ತಂದದ್ದು ಒಂದೇ ಮಾತು, ಸಾರಿ. ಹಿಂದಿನಿಂದ ಹಾದುಹೋಗುವಾಗ ಸಾರಿ, ನೀರು ಕೇಳುವಾಗ ಸಾರಿ, ಸೀನಿದರೆ ಸಾರಿ, ಪಕ್ಕದವರು ಸೀನಿದರೂ ಸಾರಿ. ಒಮ್ಮೆ ತೋಳು ತಗುಲಿದ್ದಕ್ಕೆ ಬಾಗಿಲಿಗೂ ಹೇಳಿದ್ದನ್ನು ನಾದಿನಿ ಕಣ್ಣಾರೆ ಕಂಡಿದ್ದಳು.

ಅವನೊಬ್ಬನನ್ನೇ ಅನ್ನುವಂತಿಲ್ಲ. ಆ ಬೀದಿಯಲ್ಲಿ ನಾಲ್ಕೈದು ಭಾಷೆಗಳು ಓಡಾಡುತ್ತಿದ್ದವು, ಒಬ್ಬೊಬ್ಬರ ಬಾಯಲ್ಲಿ ಈ ಇಂಗ್ಲಿಷ್ ಮಾತು ಒಂದೊಂದು ಕೆಲಸಕ್ಕೆ ಸೇರಿಕೊಂಡಿತ್ತು. ಯಜಮಾನರು ಗಿರಾಕಿಗೆ ಸಾರಿ ಎಂದರೆ ಬಟ್ಟೆ ಇನ್ನೂ ಮಿಷನ್ನಿಗೇ ಬಂದಿಲ್ಲ ಎಂದು ಅರ್ಥ. ಎದುರು ಮನೆಯ ಕಿವಿ ಮಂದದ ಅಜ್ಜಿ ಅದನ್ನೇ ಎಳೆದು ಸಾರೀ ಎಂದರೆ, ಇನ್ನೊಂದು ಸಲ ಗಟ್ಟಿಯಾಗಿ ಹೇಳು ಎಂದು. ಅಕ್ಕನ ಅತ್ತೆ ತೀರಿಕೊಂಡಾಗ ಅಂಗಿ ಗುಂಡಿ ಮಾರುವವನು ಬಂದು ತಲೆ ತಗ್ಗಿಸಿ ಸಾರಿ ಎಂದಿದ್ದ. ಇವನೇನು ಮಾಡಿದ ಪಾಪ ಎಂದು ಅವಳು ತಬ್ಬಿಬ್ಬಾಗಿದ್ದಳು. ಅವರ ಕಡೆ ಸಾವಿನ ಮನೆಯಲ್ಲಿ ಹಾಗೆ ಹೇಳುತ್ತಾರೆಂದು ಆಮೇಲೆ ತಿಳಿಯಿತು. ಇನ್ನು ಅವಳ ಗಂಡ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದು ಸಾರಿ ಎಂದರೆ, ನಾಳೆಯೂ ಎಸೆಯುತ್ತೇನೆ ಎಂದೇ ಅರ್ಥ.

"ಅಣ್ಣನ ಸಾರಿಗೆ ಇಪ್ಪತ್ತು ವರ್ಷದ ವಾರಂಟಿ ಇದೆ ಅತ್ತಿಗೆ" ಎಂದು ನಾದಿನಿಯೇ ಒಪ್ಪಿಕೊಂಡಿದ್ದಳು.

ಹಾಗಾಗಿ ಆ ಗುರುವಾರ ಇಸ್ತ್ರಿಯವನು ಎದುರು ನಿಂತು ಸಾರಿ ಅಕ್ಕ, ಸಾರಿ ಅಕ್ಕ ಎಂದು ಶುರುಮಾಡಿದಾಗ ಅವಳ ಮೈಯೆಲ್ಲ ಉರಿಯಿತು. ಬಾಗಿಲಿಗೆ ಕೊಟ್ಟದ್ದನ್ನೇ ನನಗೂ ಕೊಡುತ್ತಿದ್ದಾನೆ ಎನಿಸಿತು. ಅದೇ ಉರಿಯಲ್ಲಿ ಯಜಮಾನರ ಹತ್ತಿರ ಹೋಗಿ ದೂರಿದಳು. ದೂರುವಾಗ, ಒಂದು ದಿನ ಎನ್ನಬೇಕಾದದ್ದು ಬಾಯಿಗೆ ಬರುವಷ್ಟರಲ್ಲಿ ದಿನಾ ಎಂದಾಗಿತ್ತು. ದಿನಾ ತೆಗೆದುಕೊಳ್ಳುತ್ತಾನೆ, ನಾನು ಊಟಕ್ಕೆ ಎದ್ದದ್ದೇ ತಡ ತೆಗೆದುಕೊಳ್ಳುತ್ತಾನೆ, ಎಷ್ಟು ಹೇಳಿದರೂ ಕೇಳುವುದಿಲ್ಲ ಎಂದಳು. ಅದು ಸುಳ್ಳೆಂದು ಅವಳಿಗೆ ಗೊತ್ತಿತ್ತು. ದಿನಾ ತೆಗೆದುಕೊಂಡಿದ್ದರೆ ಆ ಕತ್ತರಿ ಎರಡು ವಾರ ಬಾಳುತ್ತಿರಲಿಲ್ಲ. ಯಜಮಾನರು ಮಾತ್ರ ನಂಬಿದರು. ಅವನು ನಿಮಗೆ ಬೇಡವೆಂದರೆ ಶನಿವಾರವೇ ಕಳಿಸಿಬಿಡುತ್ತೇನೆ, ಯೋಚಿಸಿ ಹೇಳಿ ತಾಯಿ ಎಂದರು. ಗಾಜಿನ ತಡಿಕೆಯ ಆಚೆ ನಿಂತಿದ್ದ ಇಸ್ತ್ರಿಯವನಿಗೆ ಇದಿಷ್ಟೂ ಕೇಳಿಸಿತ್ತು. ದಿನಾ ಎಂದದ್ದೂ ಕೇಳಿಸಿತ್ತು. ಅವನು ಅದಕ್ಕೆ ಎದುರಾಡಲಿಲ್ಲ.

ಸಾಣೆ ಹಿಡಿಯುವವನು ಸಿಗುವುದು ಸೋಮವಾರಕ್ಕೇ. ಅಲ್ಲಿಯವರೆಗೆ ಯಜಮಾನರ ಅಪ್ಪನ ಕಾಲದ ತಿರುಪು ಸಡಿಲವಾದ ಕತ್ತರಿಯಲ್ಲಿ ಗುದ್ದಾಡುತ್ತ, ಅಕ್ಕ ಇಸ್ತ್ರಿ ಮೇಜಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅವನು ಶುಕ್ರವಾರವೂ ಸಾರಿ ಎಂದ, ಶನಿವಾರ ಬೆಳಿಗ್ಗೆಯೂ ಎಂದ. ನಾದಿನಿ ಎಣಿಸುತ್ತ ಬಂದು ನಲವತ್ತೆರಡಕ್ಕೆ ಕೈಬಿಟ್ಟಳು.

ಶನಿವಾರ ಊಟವಾದ ಮೇಲೆ ಅಕ್ಕನಿಗೆ ತಡೆಯಲಾಗಲಿಲ್ಲ.

"ಆ ಮಾತು ಸಾಕು ಮಾಡು. ನಿಮ್ಮ ಭಾಷೇಲಿ ಏನಂತೀರೋ ಅದನ್ನ ಹೇಳು."

ಅವನು ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಯೋಚಿಸಿದ.

"ನಮ್ಮ ಮನೇಲಿ ಅದಕ್ಕೆ ಮಾತು ಇಲ್ಲ ಅಕ್ಕ. ಅಮ್ಮ ಬಾಗಿಲ ಹತ್ರ ನಿಲ್ಲಿಸ್ತಾಳೆ. ಏನು ಮಾಡಿದೆ, ಪೂರ್ತಿ ಹೇಳು ಅಂತಾಳೆ. ಪೂರ್ತಿ ಹೇಳಿದ್ಮೇಲೆ ಒಳಗೆ."

"ಪೂರ್ತಿ ಅಂದ್ರೆ?"

"ನಾಚಿಕೆ ಆಗೋದೂ ಹೇಳ್ಬೇಕು."

ಹಾಗಾದರೆ ಅದನ್ನೇ ಹೇಳು ಎಂದಳು ಅಕ್ಕ. ಬರುವ ನೆಪಗಳಿಗೆಲ್ಲ ಅವಳು ಸಿದ್ಧವಾಗಿಯೇ ಇದ್ದಳು. ಗಿರಾಕಿ ಅವಸರ ಮಾಡಿದ, ಗೋಡೆಯ ಕತ್ತರಿ ಕಾಣಲಿಲ್ಲ, ಯಾರದೆಂದು ಗೊತ್ತಾಗಲಿಲ್ಲ. ಯಾವುದು ಬಂದರೂ ಉತ್ತರ ನಾಲಿಗೆಯ ತುದಿಯಲ್ಲಿತ್ತು.

ಅವನು ಮೇಜಿನ ಹಿಂದಿನಿಂದ ಈಚೆ ಬಂದು ಕೈ ಇಳಿಬಿಟ್ಟು ನಿಂತ.

"ಬುಧವಾರ ನೀವು ಊಟಕ್ಕೆ ಹೋದ್ರಿ. ನಾನು ನಿಮ್ಮ ಕತ್ತರಿ ತಗೊಂಡೆ. ನಿಮ್ದು ಅಂತ ಗೊತ್ತಿತ್ತು. ರಟ್ಟು ಕತ್ತರಿಸಬಾರದು ಅಂತಾನೂ ಗೊತ್ತಿತ್ತು. ಇನ್ನೊಂದು ಕತ್ತರಿ ಗೋಡೇಲಿತ್ತು, ಮೂರು ಹೆಜ್ಜೆ. ನಡೆಯೋಕೆ ಸೋಮಾರಿತನ. ಆರು ರಟ್ಟು ಬೇಕಿತ್ತು, ಆರು ಕತ್ತರಿಸಿದೆ. ಚೆನ್ನಾಗಿ ಹೋಗ್ತಿತ್ತು, ಅದಕ್ಕೆ ಏಳನೇದೂ ಕತ್ತರಿಸಿದೆ. ಆಮೇಲೆ ಒರೆಸಿ ಇದ್ದಲ್ಲೇ ಇಟ್ಟೆ. ನಿಮಗೆ ಗೊತ್ತಾಗ್ಬಾರದು ಅಂತ."

ನಾದಿನಿಯ ಮಿಷನ್ ಯಾವಾಗಲೋ ನಿಂತಿತ್ತು. ಅಕ್ಕ ಜೋಡಿಸಿಟ್ಟುಕೊಂಡಿದ್ದ ಉತ್ತರಗಳಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ. ಏಳನೆಯ ರಟ್ಟಿನ ಹತ್ತಿರ ಅವಳಿಗೆ ನಗು ಬಂದುಬಿಟ್ಟಿತ್ತು, ತುಟಿ ಕಚ್ಚಿ ನುಂಗಿಕೊಂಡಿದ್ದಳು. ಆ ಕತ್ತರಿ ಓಡುವ ಸುಖ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ನಗುವಿನ ಹಿಂದೆಯೇ ಇನ್ನೊಂದು ಯೋಚನೆ ಬಂತು. ಇವನು ಪೂರ್ತಿ ಹೇಳಿದ. ನಾನು?

ಅವನನ್ನು ಕಳಿಸಬೇಡಿ ಎಂದಷ್ಟೇ ಯಜಮಾನರಿಗೆ ಹೇಳಿ ಬಂದರೂ ಅವಳಿಗೆ ನಡೆಯುತ್ತಿತ್ತು. ಅವನ ಕೆಲಸ ಉಳಿಯುತ್ತಿತ್ತು, ಅಕ್ಕನಿಗೆ ದೊಡ್ಡ ಮನಸ್ಸಿನವಳು ಎಂಬ ಹೆಸರೂ ಬರುತ್ತಿತ್ತು. ಇಸ್ತ್ರಿಯವನು ಮಾತ್ರ ಯಜಮಾನರ ಕಣ್ಣಲ್ಲಿ, ದಿನಾ ಕತ್ತರಿ ತೆಗೆಯುವ, ಕ್ಷಮಿಸಿ ಇಟ್ಟುಕೊಂಡ ಆಳಾಗಿಯೇ ಉಳಿದುಬಿಡುತ್ತಿದ್ದ. ಅಕ್ಕ ಎದ್ದು ತಡಿಕೆಯ ಆಚೆ ಹೋದಳು.

"ಸಾರಿ ಯಜಮಾನ್ರೇ" ಎಂದು ಬಾಯಿ ತೆರೆದಳು. ಯಾವ ಬಟ್ಟೆ ತಡವಾಯ್ತು ಎಂದು ಅವರು ಗಾಬರಿಯಿಂದ ಕೇಳಿದರು.

ಅವಳು ಆ ಮಾತನ್ನು ಬಿಟ್ಟು ಮೊದಲಿಂದ ಶುರುಮಾಡಿದಳು.

"ಅವನು ಕತ್ತರಿ ತಗೊಂಡಿದ್ದು ಒಂದೇ ದಿನ. ದಿನಾ ಅಂತ ನಾನು ಸೇರಿಸಿದ್ದು. ಸಿಟ್ಟಿತ್ತು. ಸುಳ್ಳು ಅಂತ ಗೊತ್ತಿದ್ದೇ ಹೇಳಿದೆ. ನೀವು ನಂಬಿದ್ರಲ್ಲ, ಆಗ ಖುಷಿಯೂ ಆಯ್ತು."

ಸಾರಿಗಾದರೆ ಪರವಾಗಿಲ್ಲ ಎಂಬ ಸಿದ್ಧ ಉತ್ತರವಿದೆ, ಇದಕ್ಕೆ ಅಂಥದ್ದು ಯಾವುದೂ ಇರಲಿಲ್ಲ. ಯಜಮಾನರು, ಹಾಗಾದರೆ ಅವನ ವಿಷಯ ಏನು ಎಂದರು.

"ಇರ್ಲಿ. ಸೋಮವಾರ ಸಾಣೆಗೆ ಕತ್ತರಿ ಅವನೇ ಒಯ್ಯಲಿ. ಅಲಗು ಹರಿತ ಆಗೋ ತನಕ ಅಲ್ಲೇ ನಿಂತು ಕಾಯ್ಲಿ."

ಯಜಮಾನರು ಒಪ್ಪಿದರು. ಅಕ್ಕ ಒಳಗೆ ಹೋಗಿ ಅದನ್ನೇ ಅವನಿಗೂ ಹೇಳಿದಳು. ಅವನು ತಲೆಯಾಡಿಸಿ ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡ. ಯಜಮಾನರು ಮಾತ್ರ ಆ ಸಂಜೆಯಿಡೀ ಗಾಜಿನ ಆಚೆಯಿಂದ ಅಕ್ಕನನ್ನೇ ನೋಡುತ್ತಿದ್ದರು. ಇಷ್ಟು ವರ್ಷಗಳಲ್ಲಿ ಇವಳು ಹೇಳಿದ ದೂರುಗಳನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತಿದ್ದವರಂತೆ ಕಾಣುತ್ತಿದ್ದರು.