ಅವಳು ವಾಪಸು ಕಳಿಸಿದವರು

“ಇವರೆಲ್ಲ ಯಾರಪ್ಪಾ?”

ಮಡಚುವ ಕುರ್ಚಿಯೊಂದನ್ನು ಅರ್ಧ ಬಿಚ್ಚಿ ಹಿಡಿದುಕೊಂಡೇ ಅಣ್ಣ ಕೇಳಿದ. ಕೇಳಿದ್ದು ಯಾರನ್ನೂ ಅಲ್ಲ. ತಂಗಿ ನಡುಮನೆಯಲ್ಲಿ ಬಿಳಿ ಹೊದಿಕೆಯ ಕೆಳಗೆ ಮಲಗಿದ್ದಳು. ಹೆಂಡತಿ ಅಡುಗೆಮನೆಯಲ್ಲಿ ಚಹಾಕ್ಕೆ ನೀರಿಟ್ಟಿದ್ದಳು. ಗೇಟಿನಾಚೆ, ಬೀದಿಯ ತಿರುವಿನ ತನಕ, ಮುಖಪರಿಚಯವೇ ಇಲ್ಲದ ಜನ ಒಬ್ಬರ ಹಿಂದೆ ಒಬ್ಬರಾಗಿ ಬರುತ್ತಿದ್ದರು.

ನೆಂಟರು, ಬೀದಿಯವರು, ಗ್ಯಾಲರಿಯವರು ನಾಲ್ಕಾರು ಮಂದಿ, ಇಷ್ಟೇ ಎಂದುಕೊಂಡು ಅವನು ಎದುರುಮನೆಯಿಂದ ಕುರ್ಚಿ ತಂದಿದ್ದ. ಮದುವೆಯ ಗೊಡವೆಗೆ ಹೋಗದೆ, ಅಣ್ಣನ ಮನೆಯ ಮಹಡಿ ಕೋಣೆಯಲ್ಲಿದ್ದುಕೊಂಡು, ಊರಿನ ಸಾರ್ವಜನಿಕ ಚಿತ್ರ ಗ್ಯಾಲರಿಯಲ್ಲಿ ಕ್ಯುರೇಟರಿಗೆ ಸಹಾಯಕಿಯಾಗಿ ಆಯಸ್ಸು ಸವೆಸಿದ ಹೆಂಗಸಿಗೆ ಇನ್ನೆಷ್ಟು ಜನ ಇದ್ದಾರು? ಯಾವ ಚಿತ್ರ ಗೋಡೆಗೆ ಬರಬೇಕೆಂದು ನಿರ್ಧರಿಸುತ್ತಿದ್ದವರು ಬೇರೆ. ಉಗ್ರಾಣದಿಂದ ಅದನ್ನು ಹುಷಾರಾಗಿ ಹೊರತರುವುದು, ಬಿರುಕು ಬಿಟ್ಟಿದೆಯೇ ಎಂದು ನೋಡುವುದು, ಬೆಳಕು ಹದವಾಗಿ ಬೀಳಿಸುವುದು, ಪಕ್ಕದಲ್ಲಿ ಅಂಟಿಸುವ ನಾಲ್ಕು ಸಾಲು ಬರೆಯುವುದು ಅವಳ ಕೆಲಸ. ಬರೆದದ್ದನ್ನು ಮನೆಗೆ ತಂದು, ಹಿಟ್ಟು ಕಲಸುತ್ತಿದ್ದ ಅತ್ತಿಗೆಗೆ ಓದಿ ಹೇಳುತ್ತಿದ್ದಳು. ಕಲಸುವ ಕೈ ನಿಂತರೆ ಅರ್ಥವಾಗಿಲ್ಲವೆಂದು ಲೆಕ್ಕ. ಮತ್ತೆ ಬರೆಯುತ್ತಿದ್ದಳು.

ನಿಜ ಹೇಳಬೇಕೆಂದರೆ ಅಣ್ಣನಿಗೆ ಇವತ್ತು ಇಷ್ಟೊಂದು ಜನ ಬೇಕಿರಲಿಲ್ಲ. ಬೇಕಾಗಿದ್ದುದು ಒಬ್ಬರೇ, ಗ್ಯಾಲರಿಯ ನಿರ್ದೇಶಕಿ. ಅವನು ಬೆಳಕು ಹರಿಯುವ ಮೊದಲೇ ಎದ್ದು, ಬೀರುವಿನ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿದ್ದ, ತಾನೇ ಬರೆದ ಚಿತ್ರವನ್ನು ಈಚೆಗೆಳೆದು, ಹಳೇ ಹೊದಿಕೆಯಲ್ಲಿ ಸುತ್ತಿ ಗಂಟು ಹಾಕಿ, ಮಲಗುವ ಕೋಣೆಯ ಬಾಗಿಲ ಮರೆಯಲ್ಲಿ ಇಟ್ಟಿದ್ದ. ಹೆಂಡತಿಯ ಕಣ್ಣಿಗೆ ಅದು ಬೀಳದೆ ಇದ್ದೀತೇ?

“ಇದ್ಯಾಕ್ರೀ ಈಚೆ ಬಂತು?”

“ಇವತ್ತು ಕೇಳ್ತೀನಿ.”

“ಇವತ್ತಾ?”

“ಇವತ್ತಾದ್ರೆ ಅವರಿಗೆ ಇಲ್ಲ ಅನ್ನೋಕೆ ಬಾಯಿ ಬರಲ್ಲ. ನಾನೇನು ಇನ್ನೂ ನೂರು ವರ್ಷ ಇರ್ತೀನಾ? ಸಾಯೋದ್ರೊಳಗೆ ಒಂದು ಸಲ ಅಲ್ಲಿನ ಗೋಡೆ ಮೇಲೆ ನೋಡಬೇಕು.”

“ಅವಳಿನ್ನೂ ಮನೆಯೊಳಗೇ ಇದಾಳೆ. ಸ್ವಲ್ಪನಾದ್ರೂ ನಾಚಿಕೆ ಬೇಡ್ವಾ ನಿಮಗೆ?”

“ಅವಳು ಇದ್ದಿದ್ದಕ್ಕೇ ಕಣೇ ಇಷ್ಟು ವರ್ಷ ಆಗದೆ ಹೋಗಿದ್ದು,” ಎಂದುಬಿಟ್ಟ ಅಣ್ಣ. ಅಂದವನೇ ಕುರ್ಚಿ ತರುವ ನೆಪದಲ್ಲಿ ಹೊರಗೆ ಬಂದಿದ್ದ.

*

ಆ ಚಿತ್ರ ಬರೆದಾಗ ಅವನು ಸಿಟಿ ಬಸ್ಸಿನ ಡ್ರೈವರ್. ರಜೆಯ ದಿನ ಹಿತ್ತಲಲ್ಲಿ ಕೂತು ಬಣ್ಣ ಕಲಸುತ್ತಿದ್ದ. “ಗೇರ್ ಹಾಕೋ ಕೈಗೆ ಕುಂಚ ಯಾಕೋ ಮಾರಾಯ?” ಎಂದು ಡಿಪೋದಲ್ಲಿ ಎಲ್ಲರೂ ಕಾಲೆಳೆಯುತ್ತಿದ್ದರು. ಅವನು ಬರೆದದ್ದು ಅಮ್ಮನನ್ನು. ಲಾಂಡ್ರಿಯೊಂದರಲ್ಲಿ ಊರವರ ಬಟ್ಟೆಗೆ ಇಸ್ತ್ರಿ ಮಾಡಿ ಇಬ್ಬರು ಮಕ್ಕಳನ್ನು ಸಾಕಿದವಳು ಅವಳು. ಆಗಲೇ ತೀರಿಕೊಂಡಿದ್ದಳು. ಒಂದು ವರ್ಷದ ರಜೆಗಳೆಲ್ಲ ಅದಕ್ಕೇ ಹೋದವು. ಮುಗಿದ ದಿನ ಹೊದಿಕೆಯಲ್ಲಿ ಸುತ್ತಿಕೊಂಡು, ತನ್ನದೇ ರೂಟಿನ ಬಸ್ಸಿನಲ್ಲಿ ಪ್ರಯಾಣಿಕನಾಗಿ ಕೂತು, ತೊಡೆಯ ಮೇಲಿಟ್ಟುಕೊಂಡು ಗ್ಯಾಲರಿಗೆ ಹೋದ.

ಮನೆಯಲ್ಲಿರುವ ಚಿತ್ರವನ್ನು ಗ್ಯಾಲರಿಗೆ ಕೊಡುತ್ತೇವೆಂದು ಬರುವವರನ್ನು ಕೂರಿಸಿ ಮಾತಾಡಿಸಿ, ಚಿತ್ರ ಆಗುತ್ತದೋ ಇಲ್ಲವೋ ಹೇಳುವುದೂ ತಂಗಿಯ ಪಾಲಿನ ಕೆಲಸವೇ. ಅದಕ್ಕೊಂದು ಚಿಕ್ಕ ಕೋಣೆಯಿತ್ತು. ಅವನನ್ನೂ ಅಲ್ಲಿಗೇ ಕರೆದೊಯ್ದಳು.

“ಬನ್ನಿ, ಕೂತ್ಕೊಳ್ಳಿ,” ಎಂದಳು.

“ಕೂತ್ಕೊಳ್ಳೀನಾ? ನಾನು ಕಣೇ!”

“ಅಯ್ಯೋ, ಬಾಯಿಗೆ ರೂಢಿ ಆಗಿಬಿಟ್ಟಿದೆ ಅಣ್ಣ,” ಎಂದು ನಕ್ಕಳು. ಚಹಾ ತರಿಸಿಕೊಟ್ಟಳು. ಎಲ್ಲರಿಗೂ ಕೊಡುವ ಅದೇ ಚಹಾ, ಎಲ್ಲರೂ ಕೂರುವ ಅದೇ ಕುರ್ಚಿ. ಅಣ್ಣನಿಗೆ ಆಗಲೇ ಚುರುಕ್ ಎಂದಿತು.

ಆಮೇಲೆ ಅವಳು ಚಿತ್ರವನ್ನು ಗೋಡೆಗೊರಗಿಸಿ ನೋಡತೊಡಗಿದಳು. ಹತ್ತಿರದಿಂದ ನೋಡಿದಳು, ದೂರ ಹೋಗಿ ನೋಡಿದಳು, ತಿರುಗಿಸಿ ಬೆನ್ನು ನೋಡಿದಳು, ಮತ್ತೆ ಮುಂದೆ ಬಂದು ಕೂತಳು. ಚಿಕ್ಕವರಿದ್ದಾಗ ಸಂಜೆ ಅಮ್ಮ ರಾಗವಾಗಿ ಪದ್ಯ ಓದುವಾಗಲೂ ಅವಳು ಕೂರುತ್ತಿದ್ದುದು ಹೀಗೇ. ಕೊನೆಯ ಸಾಲು ಮುಗಿದು, ಅದರ ಗುಂಗು ಮನೆಯೊಳಗೆ ಪೂರಾ ಅಡಗುವ ತನಕ ಅಲುಗುತ್ತಿರಲಿಲ್ಲ. ಅಣ್ಣ ಅರ್ಧ ಪದ್ಯಕ್ಕೇ ಎದ್ದು ಓಡುವ ಜಾತಿ. ಚಹಾ ಆರಿತು. ಬಸ್ಸಿನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಒಂದು ಟ್ರಿಪ್ಪೇ ಮುಗಿದಿರುತ್ತಿತ್ತು.

“ಅಮ್ಮನ ಕೈ ಬಂದಿದೆ ಅಣ್ಣ,” ಎಂದಳು ಕೊನೆಗೆ. “ಇಸ್ತ್ರಿಪೆಟ್ಟಿಗೆ ಭಾರ ಮಣಿಕಟ್ಟಿಗೆ ಬಿದ್ದಿರೋದು ಕಾಣುತ್ತೆ. ನೋಡ್ತಾ ನೋಡ್ತಾ ನನ್ನ ಕೈಯೇ ನೋಯ್ತು.”

ಅಣ್ಣ ಹಿಗ್ಗಿ ಹೀರೇಕಾಯಿಯಾದ.

“ಮುಖ ಬಂದಿಲ್ಲ. ಅಲ್ಲಿಗೆ ಬಂದಾಗ ಹೆದರಿಕೊಂಡಿದೀಯ. ಅಮ್ಮ ಚೆಂದ ಕಾಣಲಿ ಅಂತ ಹೋಗಿ ಯಾರನ್ನೋ ಬರೆದಿದೀಯ.”

“ಅಂದ್ರೆ?”

“ಗ್ಯಾಲರಿಗೆ ಆಗಲ್ಲ.”

“ನಿನ್ನ ಗ್ಯಾಲರೀಲಿ ಹೆತ್ತ ಅಮ್ಮನಿಗೇ ಜಾಗ ಇಲ್ವೇನೇ?”

“ಅಮ್ಮನಿಗೆ ಮನೇಲಿ ಜಾಗ ಇದೆಯಲ್ಲ. ಭಾನುವಾರ ನಾನೇ ಹಾಕಿ ಕೊಡ್ತೀನಿ.”

ಅಣ್ಣ ಚಿತ್ರಕ್ಕೆ ಹೊದಿಕೆ ಸುತ್ತಿಕೊಂಡು ಎದ್ದುಬಂದ.

*

ಅಣ್ಣ ಚಹಾದ ತಟ್ಟೆ ಹಿಡಿದು ನಡುಮನೆಗೆ ಬಂದಾಗ ಅಪರಿಚಿತರು ಗೋಡೆಯುದ್ದಕ್ಕೂ ಒತ್ತೊತ್ತಾಗಿ ಕೂತಿದ್ದರು. ತಂಗಿಯ ತಲೆಯ ಬಳಿ ಒಬ್ಬ ವಯಸ್ಸಾದ ನರ್ಸಮ್ಮ. ಪಕ್ಕದಲ್ಲಿ ಗಡಿಯಾರ ರಿಪೇರಿಯವನು. ಅವನ ಪಕ್ಕದಲ್ಲಿ ದೊಡ್ಡ ಹೊಟ್ಟೆಯ ಬೇಕರಿಯವನು. ಪರಸ್ಪರ ಗುರುತಿಲ್ಲದವರು, ತಗ್ಗಿದ ದನಿಯಲ್ಲಿ ಮಾತಿಗೆ ಶುರುವಿಟ್ಟಿದ್ದರು.

“ತಮಗೆ ಹೇಗೆ ಪರಿಚಯ ಅಮ್ಮಾ?” ಎಂದು ಗಡಿಯಾರದವನು ಕೇಳಿದ.

“ನಮ್ಮೆಜಮಾನ್ರು ಒಂದು ಹಡಗಿನ ಚಿತ್ರ ಬರೆದಿದ್ರು. ಅವರು ಹೋದ ಮೇಲೆ ಗ್ಯಾಲರಿಗೆ ತಗೊಂಡು ಹೋಗಿದ್ದೆ.”

“ತಗೊಂಡ್ರಾ?”

“ಎಲ್ಲಿ! ಬೇಡ ಅಂದ್ರು.”

“ನಂದೂ ಬೇಡ ಅಂದ್ರು!” ಎಂದ ಗಡಿಯಾರದವನು, ಕಳೆದುಹೋದ ಬಂಧುವನ್ನು ಕಂಡವನಂತೆ.

“ನನಗೆ ಎರಡು ಸಲ ಬೇಡ ಅಂದಿದಾರೆ,” ಎಂದು ಬೇಕರಿಯವನು ಎದೆ ಸೆಟೆಸಿದ. “ಎರಡನೇ ಸಲ ಅದೇ ಚಿತ್ರಕ್ಕೆ ಬೇರೆ ಚೌಕಟ್ಟು ಹಾಕಿಸ್ಕೊಂಡು ಹೋಗಿದ್ದೆ, ಗೊತ್ತಾಗಲ್ಲ ಅಂತ. ಚೌಕಟ್ಟು ಚೆನ್ನಾಗಿದೆ ಅಂದ್ರು.”

ಸಾವಿನ ಮನೆ ಎಂಬುದು ನೆನಪಾಗಿ ಮೂವರೂ ನಗುವನ್ನು ನುಂಗಿಕೊಂಡರು. ಗೋಡೆಯುದ್ದಕ್ಕೂ ಕೂತವರು ಇತ್ತ ತಿರುಗಿದ್ದರು. “ನಮ್ಮಜ್ಜಿದೂ ಬೇಡ ಅಂದ್ರು,” ಎಂದು ಮೂಲೆಯಿಂದ ಯಾರೋ ಅಂದರು. ಅಣ್ಣ ತಟ್ಟೆ ಹಿಡಿದು ಹಾಗೇ ನಿಂತ. ಮನೆ ತುಂಬ ಕೂತವರೆಲ್ಲ ತನ್ನ ಹಾಗೇ ವಾಪಸು ಬಂದವರು!

“ಆದ್ರೆ ಎಷ್ಟು ನೋಡಿದ್ರು ಅಂತೀರಿ,” ಎಂದರು ನರ್ಸಮ್ಮ. “ನಮ್ಮ ಮಕ್ಕಳೂ ಆ ಹಡಗನ್ನ ಅಷ್ಟು ಹೊತ್ತು ನೋಡಿರಲಿಲ್ಲ. ಹೊಗೆ ಈ ಕಡೆ ಹೋಗ್ತಿದೆ, ಬಾವುಟ ಆ ಕಡೆ ಹಾರ್ತಿದೆ, ನಿಮ್ಮ ಯಜಮಾನ್ರು ಮನೇಲೂ ಹೀಗೇನಾ ಅಂದ್ರು. ಥೇಟ್ ಹಾಗೇ ಇದ್ರು ನಮ್ಮವರು! ಅವರು ಹೋದ ಮೇಲೆ ನಾನು ನಕ್ಕಿದ್ದು ಅವತ್ತೇ ಮೊದಲು.”

“ಭಾನುವಾರ ನಿಮ್ಮನೆಗೂ ಬಂದಿದ್ರಾ?”

“ಬರದೆ? ಚೀಲದಲ್ಲಿ ಸುತ್ತಿಗೆ, ಮೊಳೆ ಎಲ್ಲಾ ತಂದಿದ್ರು. ಮನೆಯೆಲ್ಲ ಸುತ್ತಿ, ಈ ಗೋಡೆ ಬೇಡ, ಆ ಗೋಡೆ ಬೇಡ ಅಂತ ಕೊನೆಗೆ ನನ್ನ ಊಟದ ಮೇಜಿನ ಎದುರು ಹಾಕಿ ಹೋದ್ರು. ಈಗ ದಿನಾ ಅವರ ಜೊತೆ ಜಗಳ ಆಡ್ಕೊಂಡೇ ಊಟ.”

“ನಮ್ಮಪ್ಪನ ಚಿತ್ರಕ್ಕೆ ಎದುರು ಬೆಳಕು ಬೇಡ ಅಂದ್ರು,” ಎಂದ ಗಡಿಯಾರದವನು. “ಇವರು ಯಾರ ಕಣ್ಣಲ್ಲೂ ಕಣ್ಣಿಟ್ಟು ನೋಡೋರಲ್ಲ, ಬಾಗಿಲ ಪಕ್ಕ ಇರ್ಲಿ, ಹೋಗ್ತಾ ಬರ್ತಾ ಮಾತಾಡಿಸಿ ಅಂದ್ರು. ನಮ್ಮಪ್ಪನ್ನ ಅವರು ಕಂಡೇ ಇರಲಿಲ್ಲ ಸ್ವಾಮಿ!” ಅವನು ಕಣ್ಣೊರೆಸಿಕೊಂಡು ಅಣ್ಣನತ್ತ ತಿರುಗಿದ. “ತಮ್ಮ ಮನೇಲಿ ಯಾವ ಚಿತ್ರ ಹಾಕಿದಾರೆ ಸಾರ್? ಒಳಗಿದೆಯಾ?”

ಎಲ್ಲರೂ ಗೋಡೆಗಳತ್ತ ನೋಡಿದರು. ಸುಣ್ಣ ಬಳಿದ ಖಾಲಿ ಗೋಡೆಗಳು.

“ಇಲ್ಲಿ... ಇನ್ನೂ ಹಾಕಿಲ್ಲ,” ಎಂದ ಅಣ್ಣ. “ಚಹಾ ತಗೊಳ್ಳಿ, ಆರೋಗುತ್ತೆ.”

*

ಆ ದಿನದ ನಂತರ ಅವನು ಅವಳನ್ನು ಆಫೀಸರಮ್ಮ ಎಂದೇ ಕರೆಯುತ್ತಿದ್ದ. “ಆಫೀಸರಮ್ಮನಿಗೆ ಉಪ್ಪು ಕೊಡೇ, ನಮ್ಮನೆ ಉಪ್ಪು ಅವರಿಗೆ ಆಗುತ್ತೋ ಇಲ್ವೋ ಕೇಳಿ ಕೊಡು.” ಅವಳೂ ಬಿಡುತ್ತಿರಲಿಲ್ಲ. “ಉಪ್ಪು ಬಂದಿದೆ ಅಣ್ಣ, ಹುಳಿ ಬಂದಿಲ್ಲ,” ಎಂದು ಮುಖ ಗಂಭೀರ ಮಾಡಿ ತೀರ್ಪು ಕೊಡುತ್ತಿದ್ದಳು. ಅತ್ತಿಗೆ ಸೌಟು ಎತ್ತಿ ಇಬ್ಬರನ್ನೂ ಗದರುತ್ತಿದ್ದಳು. ಹೀಗೆ ಮುನಿಸು ಹಳತಾಗಿ ತಮಾಷೆಯಾಯಿತು. ಆದರೆ ಚಿತ್ರ ಮಾತ್ರ ಬೀರುವಿನ ಹಿಂದಿನಿಂದ ಕದಲಲಿಲ್ಲ.

ಆಗಾಗ ಅವಳು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದಳು.

“ಎಲ್ಲಿ ಹಾಕೋಣ ಅಣ್ಣ ಅಮ್ಮನ್ನ?”

“ನಿನ್ನ ತಲೆ ಮೇಲೆ.”

“ಅಲ್ಲಿ ಮೊಳೆ ನಿಲ್ಲಲ್ಲ,” ಎಂದು ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದಳು. ಭಾನುವಾರವೂ ಕೆಲಸವೇ ಎಂದು ಅವನು ಗೊಣಗುತ್ತಿದ್ದ. ಎಲ್ಲಿಗೆ ಎಂದು ಒಂದು ದಿನವೂ ಕೇಳಿರಲಿಲ್ಲ.

*

ಮಧ್ಯಾಹ್ನ ಅವಳನ್ನು ಮಣ್ಣಿಗೆ ಒಪ್ಪಿಸಿ ಬಂದರು. ನೆಂಟರು ಹೊರಟರು. ನರ್ಸಮ್ಮ, ಗಡಿಯಾರದವನು, ಬೇಕರಿಯವನು ಮಾತ್ರ ಯಾಕೋ ಏಳಲು ಮನಸ್ಸಾಗದೆ ಕೂತಿದ್ದರು. ನಿರ್ದೇಶಕಿ ಅವರೆದುರು ಕುರ್ಚಿಯ ತುದಿಯಲ್ಲಿದ್ದರು. ವಯಸ್ಸಿನಲ್ಲಿ ಚಿಕ್ಕವರು. ಅತ್ತು ಅತ್ತು ಮೂಗಿನ ತುದಿ ಕೆಂಪಾಗಿತ್ತು.

“ನನಗೆ ಕೆಲಸ ಕಲಿಸಿದ್ದೇ ಅವರು,” ಎಂದರು. “ಆ ಕೋಣೆಗೆ ಇನ್ನು ಯಾರನ್ನ ಕೂರಿಸೋದೋ ಗೊತ್ತಾಗ್ತಿಲ್ಲ.”

ಅಣ್ಣ ಒಳಗೆ ಹೋದ.  ಹೆಂಡತಿ ಅವನನ್ನೇ ನೋಡಿದಳು. ಅಷ್ಟು ವರ್ಷದ ಆಸೆ ಒಂದು ಮಧ್ಯಾಹ್ನಕ್ಕೆ ಬಿಡುವಂಥದ್ದಲ್ಲ. ಗಂಟನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಈಚೆ ಬಂದ.

“ನಾನೂ ಒಂದು ಬರೆದಿದೀನಮ್ಮ. ನಮ್ಮ ತಾಯೀದು. ಇವಳು ಆಗಲ್ಲ ಅಂದಿದ್ಲು. ತಾವು ಒಂದು ಸಲ...”

“ತಗೊಳ್ತೀವಿ ಸಾರ್!” ನಿರ್ದೇಶಕಿ ಥಟ್ಟನೆ ಎದ್ದು ನಿಂತರು. “ಕೇಳಬೇಕಾ? ಒಳಗೆ ಬರುತ್ತಲೇ ಕಾಣೋ ಗೋಡೆಗೇ ಹಾಕ್ತೀವಿ. ಪಕ್ಕದಲ್ಲಿ ನಿಮ್ಮ ತಂಗಿಯವರ ಹೆಸರು. ನಾಳೆನೇ ವ್ಯಾನ್ ಕಳಿಸ್ತೀನಿ.”

ಅಣ್ಣನ ತೋಳೊಳಗೆ ಗಂಟು ಹಾಗೇ ಇತ್ತು. ಅವರು ಬಿಚ್ಚಿ ಎನ್ನುತ್ತಾರೆಂದು ಅವನು ಕಾದ.

“ನೋಡಲ್ವೇನಮ್ಮ?”

“ಅಲ್ಲಿಗೆ ಬಂದ ಮೇಲೆ ನೋಡ್ತೀನಿ ಸಾರ್. ಇವತ್ತು ಕಣ್ಣಿಗೆ ಏನೂ ಕಾಣ್ತಿಲ್ಲ,” ಎಂದು ಕರವಸ್ತ್ರ ಒತ್ತಿಕೊಂಡರು. ಸುಳ್ಳಿಲ್ಲದ ಮಾತು. ಪ್ರೀತಿಯ ಮಾತು.

ಅಣ್ಣ ಊಟದ ಮೇಜಿನ ಹತ್ತಿರ ಹೋಗಿ ಗಂಟು ಬಿಚ್ಚಿ, ಚಿತ್ರವನ್ನು ಕುರ್ಚಿಯೊಂದರ ಮೇಲೆ ನಿಲ್ಲಿಸಿದ. ನರ್ಸಮ್ಮ ಎದ್ದು ಬಂದರು. ಉಳಿದಿಬ್ಬರೂ ಬಂದರು. ಯಾರೂ ಚೆನ್ನಾಗಿದೆ ಅನ್ನಲಿಲ್ಲ. ಹತ್ತಿರದಿಂದ ನೋಡಿದರು, ಹಿಂದೆ ಸರಿದು ನೋಡಿದರು. ಗಡಿಯಾರದವನು ಬಗ್ಗಿ ಇಸ್ತ್ರಿ ಹಿಡಿದ ಕೈಯ ಮೇಲೆ ಕಣ್ಣಿಟ್ಟು ತುಂಬ ಹೊತ್ತು ಅಲ್ಲೇ ಉಳಿದ. ತನ್ನ ಮಣಿಕಟ್ಟನ್ನು ತಾನೇ ಹಿಡಿದುಕೊಂಡ.

“ಮುಖ...” ಎಂದು ಬೇಕರಿಯವನು ಬಾಯಿ ತೆರೆದ. ನರ್ಸಮ್ಮ ಮೊಣಕೈಯಿಂದ ತಿವಿದರು.

“ಮುಖ ಬಂದಿಲ್ಲ,” ಎಂದ ಅಣ್ಣ ತಾನೇ. “ಹೆದರಿಬಿಟ್ಟಿದ್ದೆ.”

“ಹೆದರಿಕೆ ಆಗದೆ ಇರುತ್ತಾ, ಅಮ್ಮ ಅಲ್ವಾ,” ಎಂದರು ನರ್ಸಮ್ಮ. ಆಮೇಲೆ ಗೋಡೆಗಳತ್ತ ಕಣ್ಣಾಡಿಸಿದರು. “ಕಿಟಕಿ ಎದುರು ಬೇಡ.”

“ಅಡುಗೆಮನೆ ಪಕ್ಕ ಹೊಗೆ ಬೀಳುತ್ತೆ,” ಎಂದ ಗಡಿಯಾರದವನು.

“ಇಲ್ಲಿ,” ಎಂದಳು ಹೆಂಡತಿ. ಅವಳ ಒಂದು ಕೈಯಲ್ಲಿ ಮೊಳೆ, ಇನ್ನೊಂದು ಕೈಯಲ್ಲಿ ಕುಟ್ಟಾಣಿ. “ಸುತ್ತಿಗೆ ಎಲ್ಲಿ ಹುಡುಕ್ತಾ ಕೂರ್ಲಿ? ಇದರಲ್ಲೇ ಹೊಡೀರಿ.”

ಬೇಕರಿಯವನು ಚಿತ್ರವನ್ನೆತ್ತಿ ಹೊಟ್ಟೆಯ ಆಸರೆ ಕೊಟ್ಟು ಗೋಡೆಗೆ ಒತ್ತಿ ಹಿಡಿದ. ಅಣ್ಣ ಸ್ಟೂಲು ಹತ್ತಿದ. ನರ್ಸಮ್ಮ ತಲೆ ವಾರೆ ಮಾಡಿ ಹಿಂದೆ ಹಿಂದೆ ನಡೆಯುತ್ತ, “ಎಡಕ್ಕೆ, ಇನ್ನೂ ಎಡಕ್ಕೆ, ಅಯ್ಯೋ ನಿಮ್ಮ ಎಡಕ್ಕಲ್ಲಪ್ಪಾ, ನನ್ನ ಎಡಕ್ಕೆ,” ಎನ್ನುತ್ತ ನಿರ್ದೇಶಕಿಗೆ ಡಿಕ್ಕಿ ಹೊಡೆದರು.

ನಿರ್ದೇಶಕಿ ಅವರ ಭುಜದ ಮೇಲಿಂದ ಚಿತ್ರವನ್ನು ಕಂಡರು. ಕರವಸ್ತ್ರ ಕೆಳಗಿಳಿಯಿತು.

“ಸಾರ್,” ಎಂದರು ಮೆಲ್ಲಗೆ. “ದಯವಿಟ್ಟು ಕೊಡಿ ಸಾರ್. ನಮ್ಮ ಹತ್ತಿರ ನಿಮ್ಮ ತಂಗಿಯವರ ನೆನಪಿಗೆ ಅಂತ ಏನೂ ಇಲ್ಲ.”

ಅಣ್ಣ ಸ್ಟೂಲಿನ ಮೇಲಿಂದ ತಿರುಗಿ, ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ಮೊಳೆಯನ್ನು ಕೈಗೆ ತೆಗೆದುಕೊಂಡ.

“ಕೊಡಲ್ಲಮ್ಮ,” ಎಂದ.