ಈ ಕಾಗದ ಯಾವ ಶೇವಂತೆವ್ವನದು?

ರಾಯಾಪುರದ ಶೇವಂತೆವ್ವ ಸಾಯುವವಳ ಹಾಗೆ ತನ್ನ ಸೀರೆಗಳನ್ನು ತಂಗಿಯರಿಗೆ ಹಂಚುತ್ತಿದ್ದಾಳೆಂಬ ಸುದ್ದಿ ಕೇಳಿ ನನಗೆ ಸಿಟ್ಟೇ ಬಂತು. ಮೂವತ್ತಾರರ ಹೆಂಗಸು, ಮೂರು ಮಕ್ಕಳ ತಾಯಿ. ನಾನು ಈ ಭಾಗದ ಬಾಣಂತಿಯರನ್ನು ನೋಡಿಕೊಳ್ಳುವ ನರ್ಸು, ಅವಳ ಮೂರೂ ಹೆರಿಗೆ ಮಾಡಿಸಿದವಳು. ಚಪ್ಪಲಿ ಮೆಟ್ಟಿ ನೇರ ಅವಳ ಮನೆಗೆ ಹೋದೆ.

“ಏನ ನಡಿಸೀಯವ್ವಾ ಇದು?”

“ಸೋಮವಾರ ಆಪರೇಶನ್ ಐತ್ರಿ ಬಾಯಾರ. ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಆಗೇತಂತ. ಬದುಕಿ ಬರ್ತೇನೋ ಇಲ್ಲೋ.”

ಅವಳ ಗಂಡ ಕುಬೇರಪ್ಪ ಆಸ್ಪತ್ರೆಯ ಕಾಗದ ತಂದುಕೊಟ್ಟ. ಇಂಗ್ಲಿಷಿನಲ್ಲಿತ್ತು, ಇಬ್ಬರಿಗೂ ಓದಲು ಬಾರದು. ನಾನು ಓದಿದೆ. ಹೆಸರು ಶೇವಂತೆವ್ವ. ವಯಸ್ಸು ಐವತ್ತೆರಡು. ಏಳು ಹೆರಿಗೆ. ಮುಟ್ಟು ನಿಂತ ಮೇಲೆ ಮತ್ತೆ ರಕ್ತಸ್ರಾವ. ಇನ್ನೊಮ್ಮೆ ಓದಿದೆ.

“ಶೇವಂತೆವ್ವಾ, ನಿನಗ ಮುಟ್ಟು ನಿಂತೇತೇನು?”

“ಇಲ್ರಿ. ಬಿಳಿ ಹೋಗತೈತಿ, ಸೊಂಟ ನೋಯ್ತೈತಿ ಅಂತ ತೋರಿಸಾಕ ಹೋಗಿದ್ದೆ.”

“ಹಂಗಾದ್ರ ಈ ಕಾಗದ ನಿಂದಲ್ಲ.”

ಕುಬೇರಪ್ಪ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತು, ನಗುತ್ತ ಅಳುತ್ತ ಕಣ್ಣೊರೆಸಿಕೊಂಡ. “ಇನ್ನೂ ಕುಣೀಬ್ಯಾಡ್ರಿ, ಮತ್ತೊಮ್ಮೆ ಪರೀಕ್ಷಾ ಮಾಡಿಸೋಣು” ಎಂದೆ. ಆದರೆ ಶೇವಂತೆವ್ವ ನಗಲಿಲ್ಲ.

“ಬಾಯಾರ, ಇದು ನಂದಲ್ಲಂದ್ರ ಯಾರ್ದು? ಆಕಿಗೆ ಏನಂತ ಹೇಳಿ ಕಳಿಸ್ಯಾರ?”

ನನಗೆ ಅದು ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು. ಮೂವರೂ ಮೊದಲ ಬಸ್ಸು ಹಿಡಿದೆವು.

ಆಸ್ಪತ್ರೆಯ ರಿಜಿಸ್ಟರಿನಲ್ಲಿ ಒಂದೇ ದಿನ ಇಬ್ಬರು ಶೇವಂತೆವ್ವಂದಿರು. ಇಬ್ಬರ ಎದುರಿಗೂ ಗಂಡನ ಹೆಸರಿನ ಜಾಗ ಖಾಲಿ. ಗುಮಾಸ್ತ ಕೇಳಿದಾಗ ಇಬ್ಬರೂ ಬಾಯಿಗೆ ಸೆರಗು ಹಿಡಿದು ನಿಂತಿದ್ದರು, ಗಂಡನ ಹೆಸರು ಹೇಗೆ ಹೇಳುವುದು? ಅವನು ಹಾಗೇ ಬಿಟ್ಟ. ಪರೀಕ್ಷೆಗೆ ತೆಗೆದ ತುಣುಕಿನ ಬಾಟಲಿಗಳಿಗೆ ಅಲ್ಲಿಯವರು ನಂಬರನ್ನೂ ಹಚ್ಚಲಿಲ್ಲ, ಕಾಗದಗಳು ಅದಲುಬದಲಾದವು. ಆ ಇನ್ನೊಬ್ಬ ಶೇವಂತೆವ್ವನ ಊರು ತಾರಿಹಾಳ.

“ಸಣ್ಣ ತಪ್ಪು ಆಗೇತಿ. ಆ ಕಾಗದ ಇಲ್ಲೇ ಕೊಟ್ಟು ಹೋಗ್ರಿ” ಎಂದರು ಅಲ್ಲಿನ ಡಾಕ್ಟರು. ಕುಬೇರಪ್ಪ ಕೊಟ್ಟೇ ಬಿಡುತ್ತಿದ್ದ. ನಾನು ಅವನ ಕೈಯಿಂದ ಕಸಿದುಕೊಂಡೆ. “ನಕಲು ಬರಕೋರಿ ಸಾಹೇಬ್ರ. ಇದು ನಮ್ಮ ಹತ್ರನ ಇರಲಿ.”

ತಾರಿಹಾಳದಲ್ಲಿ ಆಕೆ ಜೋಳ ಹಸನು ಮಾಡುತ್ತಿದ್ದಳು. “ನನಗೇನೂ ಆಗಿಲ್ಲಂತ ಕಾಗದ ಕೊಟ್ಟಾರ್ರಿ. ರಕ್ತ ಹೋಗೂದು ತಾನ ನಿಲ್ಲತೈತಂತ” ಎಂದಳು.

ನಮ್ಮ ಶೇವಂತೆವ್ವ ಆಕೆಯ ಕೈ ಹಿಡಿದುಕೊಂಡಳು. “ಅಕ್ಕಾ, ಅದು ನನ್ನ ಕಾಗದ. ನಿಂದು ನನ್ನ ಹತ್ರ ಐತಿ. ಏಳು, ಈಗ ಹೋಗೂಣು.”

ಬೇರೆ ಆಸ್ಪತ್ರೆಯಲ್ಲಿ ಇಬ್ಬರಿಗೂ ಹೊಸದಾಗಿ ಪರೀಕ್ಷೆಯಾಯಿತು. ನಮ್ಮವಳಿಗೆ ಸಣ್ಣ ಹುಣ್ಣು, ಔಷಧದಲ್ಲೇ ಮಾಯುವಂಥದ್ದು. ತಾರಿಹಾಳದವಳಿಗೆ ಕ್ಯಾನ್ಸರ್ ಖರೆ, ಆದರೆ ಹರಡಿರಲಿಲ್ಲ. “ಛಲೋ ವ್ಯಾಳ್ಯಾದಾಗ ಬಂದೀರಿ” ಎಂದು ಡಾಕ್ಟರು ಕಿರಣ ಹಾಯಿಸುವ ರೇಡಿಯಂ ಚಿಕಿತ್ಸೆ ಶುರುಮಾಡಿಯೇ ಬಿಟ್ಟರು. ನಾನು ಆಸ್ಪತ್ರೆಯ ಹೊರಗೆ ನಿಂತು ಮನಸಾರೆ ಅತ್ತೆ, ಖುಷಿಗೆ.

ಇಷ್ಟಾದರೂ ದೂರು ಕೊಡಲು ಕುಬೇರಪ್ಪ ಹಿಂದೆಮುಂದೆ ನೋಡಿದ. ಸಪ್ತಾಪುರದ ಯಜ್ಞೇಶ್ವರ ವಕೀಲರ ಮುಂದೆಯೂ ಅದೇ ಮಾತು.

“ಡಾಕ್ಟರು ದೇವರಿದ್ದಂಗ ಅಲ್ರಿ? ನಮ್ಮಾಕಿನೂ ನನ್ನ ಹೆಸರ ಹೇಳಿಲ್ಲ. ತಪ್ಪು ನಮ್ಮದೂ ಐತಿ.”

“ಬಾಟಲಿಗೆ ನಂಬರ್ ಹಚ್ಚೋದು ನಿಮ್ಮಾಕಿ ಕೆಲಸ ಏನು?” ಎಂದರು ವಕೀಲರು. “ಎಲ್ಲಾ ತಪ್ಪಿಗೂ ಕೋರ್ಟಿಲ್ಲ, ಖರೆ. ಆದ್ರ ತಗೋಬೇಕಾದ ಕಾಳಜಿನ ತಗೊಂಡಿಲ್ಲ ಅಂದ್ರ ಕಾಯ್ದೆ ಕೇಳ್ತದ. ಮೊದಲ ಆಸ್ಪತ್ರಿ ಮುಖ್ಯಸ್ಥರಿಗೆ ಅರ್ಜಿ ಕೊಟ್ಟು, ಅದು ಮುಟ್ಟಿದ್ದಕ್ಕ ಸಹಿ ತಗೋರಿ. ಡಾಕ್ಟರದ ತಪ್ಪಿದ್ರ ರಾಜ್ಯದ ವೈದ್ಯಕೀಯ ಪರಿಷತ್ತಿಗೆ ದೂರು. ಹಾನಿ ಆಗಿದ್ರ ದಿವಾಣಿ ಕೋರ್ಟಿನಾಗ ಪರಿಹಾರದ ದಾವಾ. ಕೋರ್ಟ್ ಫೀ ಕಟ್ಟಲಿಕ್ಕೆ ಆಗದ ಬಡವರು ಮಾಫಿ ಕೇಳಬಹುದು. ಆದ್ರ ದಾವಾ ಹಾಕಲಿಕ್ಕೆ ಗಡುವು ಅದ, ತಡಾ ಮಾಡಬ್ಯಾಡ್ರಿ.”

ಕುಬೇರಪ್ಪ ಇನ್ನೂ ತಲೆ ಕೆರೆದುಕೊಳ್ಳುತ್ತಲೇ ಇದ್ದ. ಚಿಕಿತ್ಸೆ ಮುಗಿಸಿ ಬಂದಿದ್ದ ತಾರಿಹಾಳದ ಶೇವಂತೆವ್ವ ಎದ್ದು, ವಕೀಲರು ಬರೆದ ಅರ್ಜಿಯ ಮೇಲೆ ಹೆಬ್ಬೆಟ್ಟು ಒತ್ತಿದಳು.

“ನಾ ಅಂತೂ ಉಳದೇನಿ. ಮೂರನೇ ಶೇವಂತೆವ್ವಗ ಹಿಂಗ ಆಗಬಾರದು” ಎಂದಳು.

ಕುಬೇರಪ್ಪ ಪೆನ್ನು ತೆಗೆದುಕೊಂಡು ಅದರ ಕೆಳಗೆ ತನ್ನ ಸಹಿ ಹಾಕಿದ.

ಅವ್ವಂದಿರೇ, ಅಕ್ಕಂದಿರೇ, ಆ ಮೂರನೆಯವಳು ನೀವೇ ಆಗಿರಬಹುದು. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಇಂದೇ ತೋರಿಸಿ. ಗಂಡನ ಹೆಸರು, ವಯಸ್ಸು, ಊರು ಬಾಯಿಬಿಟ್ಟು ಹೇಳಿ, ಬರೆಯಿಸಿ. ಕೊಟ್ಟ ಕಾಗದವನ್ನು ಓದು ಬಂದವರಿಂದ ಓದಿಸಿ, ಜೋಪಾನ ಮಾಡಿ. ಅನುಮಾನ ಬಂದರೆ ಇನ್ನೊಬ್ಬ ಡಾಕ್ಟರನ್ನು ಕೇಳಿ. ಅನ್ಯಾಯವಾದರೆ ವಕೀಲರ ಮನೆಗೆ ಹೋಗಲು ಅಂಜಬೇಡಿ. ನಿಮ್ಮ ಜೀವದ ಮಾತನ್ನು ನೀವೇ ಕೇಳದಿದ್ದರೆ ಇನ್ಯಾರು ಕೇಳಬೇಕು?